ಎತ್ತಿಕೊಳ್ಳುವ ಕೈ

ಮೂವತ್ತನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಗಳಲ್ಲಿ ಗಣಿತದ ಪಾಠ ಹೇಳಿದವನು ನಾನು. ಮಕ್ಕಳೆಂದರೆ ಏನೆಂಬುದು ನನಗೆ ಚೆನ್ನಾಗಿ ತಿಳಿದಿದೆಯೆಂದೇ ಭಾವಿಸಿದ್ದೆನು. ಆ ಭಾವನೆ ಅರವತ್ತೆಂಟನೆಯ ವಯಸ್ಸಿನಲ್ಲಿ, ಮಂಡ್ಯದ ನಮ್ಮ ಮನೆಯಲ್ಲಿಯೇ, ಇಪ್ಪತ್ತೊಂದು ದಿನಗಳಲ್ಲಿ ಮುರಿದುಬಿದ್ದ ಬಗೆಯನ್ನು ಓದುಗರ ಮುಂದಿಡಲು ಸ್ವಲ್ಪ ಸಂಕೋಚವಾಗುತ್ತದೆ. ಆದರೂ ಹೇಳುತ್ತೇನೆ. ನನ್ನ ಅಜ್ಞಾನ ನನ್ನೊಬ್ಬನದೇ ಆಗಿದ್ದರೆ ಅದನ್ನು ಮನೆಯೊಳಗೇ ಮುಚ್ಚಿಟ್ಟುಕೊಳ್ಳಬಹುದಾಗಿತ್ತು. ನಮ್ಮ ಸೀಮೆಯ ಗಂಡಸರಲ್ಲಿ ಬಹುಮಂದಿಗೆ ಅದರಲ್ಲಿ ಪಾಲುಂಟೆಂದು ಈಗ ನನಗೆ ತೋರುತ್ತಿದೆ.

ಸಂದರ್ಭ ಇಷ್ಟೆ. ಮಳವಳ್ಳಿಗೆ ಕೊಟ್ಟಿರುವ ನಮ್ಮ ಮಗಳಿಗೆ ಎರಡನೆಯ ಹೆರಿಗೆಯಾಯಿತು. ಮೊದಲನೆಯ ಮಗುವಿಗೆ ಶಾಲೆಯಿದ್ದುದರಿಂದ ಅವಳು ತವರಿಗೆ ಬರಲಾಗದೆ ತವರೇ ಅವಳಿದ್ದಲ್ಲಿಗೆ ಹೋಗಬೇಕಾಯಿತು. ಎಂದರೆ, ನನ್ನ ಹೆಂಡತಿ ಹರಳೆಣ್ಣೆಯ ಶೀಶೆ, ಸಾಂಬ್ರಾಣಿ, ಹಳೆಯ ಸೀರೆಯ ಮೆತ್ತನೆಯ ತುಂಡುಗಳು, ಇವನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಮಳವಳ್ಳಿಯ ಬಸ್ಸು ಹತ್ತಿದಳು. ಮನೆಯಲ್ಲಿ ಉಳಿದವರು ಐವರು: ಮಗ, ಸೊಸೆ, ನಾಲ್ಕೂವರೆ ವರ್ಷದ ಮೊಮ್ಮಗಳು, ಒಂದೂವರೆ ವರ್ಷದ ಮೊಮ್ಮಗ ಮತ್ತು ನಾನು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ. ಮಂಡ್ಯದಿಂದ ಬೆಂಗಳೂರಿಗೆ ಸುಮಾರು ೧೦೦ ಕಿಲೋಮೀಟರು; ಸೀಸನ್ ಪಾಸು ಜೇಬಿನಲ್ಲಿಟ್ಟುಕೊಂಡು ಬೆಳಗಿನ ರೈಲಿಗೆ ಹೋದವನು ರಾತ್ರಿ ಒಂಬತ್ತರ ಮೇಲೆ ಹಿಂತಿರುಗುತ್ತಾನೆ. ಸೊಸೆಗೆ ಮದ್ದೂರಿನಲ್ಲಿ ಕಚೇರಿ. ಅದು ೨೦ ಕಿಲೋಮೀಟರಿನ ದಾರಿಯಾದರೂ ಬಸ್ಸು, ಕಾಯುವಿಕೆ ಎಲ್ಲ ಸೇರಿ ಅವಳೂ ದಿನದಲ್ಲಿ ಒಂಬತ್ತು ಗಂಟೆ ಹೊರಗೇ ಇರುವವಳು. ಹೀಗಾಗಿ ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಆರರವರೆಗೆ ಎರಡು ಮಕ್ಕಳ ರಾಜ್ಯಭಾರ ನನ್ನ ಪಾಲಿಗೆ ಬಂದಿತು.

ಬಸ್ಸು ಹತ್ತುವ ಮುಂಚೆ ನನ್ನ ಹೆಂಡತಿ ಒಂದು ಮಾತು ಹೇಳಿದಳು: “ಏನ್ರೀ, ಮಕ್ಕಳನ್ನ ನೋಡ್ಕೊಳ್ಳೋದು ಅಂದ್ರೆ ಪೇಪರ್ ಓದ್ತಾ ಕೂತ್ಕೊಂಡು ನೋಡೋದಲ್ಲ.” ನಾನು ನಕ್ಕೆನು. ಐವತ್ತು ಹುಡುಗರ ತರಗತಿಯನ್ನು ಒಂದು ಕಣ್ಣಿನ ಸನ್ನೆಯಿಂದ ಆಳಿದವನಿಗೆ ಇಬ್ಬರು ಮಕ್ಕಳು ಯಾವ ಲೆಕ್ಕ?

ಮೊದಲನೆಯ ದಿನವೇ ಲೆಕ್ಕ ತಪ್ಪಿತು. ಮಗುವಿಗೆ ರಾಗಿಯ ಸರಿ ಮಾಡಬೇಕಾಗಿತ್ತು. ನೀರು ಕುದಿಯಿತು, ಹಿಟ್ಟನ್ನು ಸುರಿದೆನು. ಸರಿಯ ಬದಲು ಪಾತ್ರೆಯ ತುಂಬ ಗಂಟುಗಳು ತೇಲಿದವು. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿನಿಂದಲೇ ಇಣುಕಿ, “ಮೇಷ್ಟ್ರೇ, ಮೊದಲು ತಣ್ಣೀರಲ್ಲಿ ಕದಡ್ಕೊಂಡು ಆಮೇಲೆ ಒಲೆ ಮೇಲಿಡಬೇಕು” ಎಂದರು. ಅಷ್ಟರಲ್ಲಿ ಒಲೆಯ ಮತ್ತೊಂದು ಕಡೆ ಹಾಲು ಉಕ್ಕಿತು. ಹಾಲನ್ನು ಒರೆಸುವಷ್ಟರಲ್ಲಿ ಮಗು ಅಕ್ಕಿಯ ಡಬ್ಬವನ್ನು ಬೋರಲು ಹಾಕಿ ಅದರ ನಡುವೆ ಸುಖಾಸೀನನಾಗಿದ್ದಿತು. ಮೊಮ್ಮಗಳು ಇದೆಲ್ಲವನ್ನೂ ನ್ಯಾಯಾಧೀಶರ ಗಾಂಭೀರ್ಯದಿಂದ ನೋಡಿ, “ತಾತ, ಅಜ್ಜಿ ಹಿಂಗೆ ಮಾಡಲ್ಲ” ಎಂದು ತೀರ್ಪು ಕೊಟ್ಟಳು. ಆ ತೀರ್ಪನ್ನು ಇಪ್ಪತ್ತೊಂದು ದಿನಗಳಲ್ಲಿ ಎಷ್ಟು ಸಲ ಕೇಳಿದೆನೋ ಎಣಿಸಿಲ್ಲ.

ಸ್ನಾನ ಇನ್ನೊಂದು ಅಧ್ಯಾಯ. ಮಗುವಿಗೆ ನೀರೆರೆಯುವಾಗ ಅದನ್ನು ಕಾಲುಗಳ ಮೇಲೆ ಮಲಗಿಸಿಕೊಳ್ಳಬೇಕೆ, ಮಣೆಯ ಮೇಲೆ ಕೂರಿಸಬೇಕೆ? ನೀರಿನ ಬಿಸಿ ಅಂಗೈಗೆ ತಿಳಿಯುವುದೆ, ಮೊಣಕೈಗೆ ತಿಳಿಯುವುದೆ? ಸೋಪು ಹಚ್ಚಿದ ಮಗು ಹಿಡಿದ ಕೈಯಿಂದ ಮೀನಿನಂತೆ ಜಾರುತ್ತದೆಂಬುದನ್ನು ಯಾವ ಪುಸ್ತಕವೂ ನನಗೆ ಹೇಳಿರಲಿಲ್ಲ. ಶಿಶುವಿಹಾರದಿಂದ ಮಧ್ಯಾಹ್ನ ಬಂದ ಹುಡುಗಿಗೆ ಹಸಿವು, ಮಗುವಿಗೆ ಅದೇ ಹೊತ್ತಿಗೆ ನಿದ್ದೆ. ಇವಳಿಗೆ ಅನ್ನ ಕಲಸುವಾಗ ಅವನು ಅಳುತ್ತಾನೆ, ಅವನನ್ನು ಜೋಲಿಯಲ್ಲಿ ತೂಗುವಾಗ ಇವಳಿಗೆ ಕಥೆ ಬೇಕು. ಕೈಗಳು ಎರಡೇ ಎಂಬ ಸರಳ ಸತ್ಯ ನನಗೆ ಅರ್ಥವಾದದ್ದು ಆಗ.

ಸಂತೋಷವಿರಲಿಲ್ಲವೆಂದು ಯಾರೂ ತಿಳಿಯಬಾರದು. ಸಂಜೆ ಮಗುವನ್ನು ಹೆಗಲಿಗೆ ಹಾಕಿಕೊಂಡು, ಹುಡುಗಿಯ ಕೈ ಹಿಡಿದು ದೊಡ್ಡ ರಸ್ತೆಯವರೆಗೆ ಹೋಗಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳನ್ನು ನೋಡುತ್ತ ನಿಲ್ಲುವುದು ನಮ್ಮ ಮೂವರ ಹಬ್ಬವಾಯಿತು. ೧೯೩೩ರಲ್ಲಿ ಸ್ಥಾಪನೆಯಾದ ಮೈಸೂರು ಸಕ್ಕರೆ ಕಂಪನಿಯ ಕಾರ್ಖಾನೆಗೆ ಸಾಲುಸಾಲಾಗಿ ಹೋಗುತ್ತಿದ್ದ ಎತ್ತಿನ ಗಾಡಿಗಳ ಹಿಂದೆ ಓಡಿ, ಗಾಡಿಯವನ ಕಣ್ಣು ತಪ್ಪಿಸಿ ಕಬ್ಬಿನ ಜಲ್ಲೆ ಎಳೆದುಕೊಂಡ ಹುಡುಗರಲ್ಲಿ ನಾನೂ ಒಬ್ಬ. ಅದನ್ನು ಹುಡುಗಿಗೆ ಹೇಳಿದೆನು. “ತಾತ, ನೀನು ಕಳ್ಳನಾ?” ಎಂದಳು. ಮಗು “ಬಬ್ಬು, ಬಬ್ಬು” ಎಂದು ಕೈ ಚಾಚಿತು. ಮನೆಗೆ ಬರುವಷ್ಟರಲ್ಲಿ ಅದು ನನ್ನ ಹೆಗಲ ಮೇಲೆಯೇ ನಿದ್ದೆಹೋಗಿ, ಅದರ ಉಸಿರು ಕತ್ತಿಗೆ ತಾಗುತ್ತಿದ್ದಿತು. ಇಂಥ ಸುಖವೊಂದು ಲೋಕದಲ್ಲಿದೆ, ಅದನ್ನು ನಾನು ಎರಡು ಮಕ್ಕಳ ತಂದೆಯಾಗಿಯೂ ಪಡೆಯದೆ ಉಳಿದೆನೆಂಬುದು ಆ ದಾರಿಯಲ್ಲಿ ಮೊದಲ ಬಾರಿಗೆ ಮನಸ್ಸಿಗೆ ಬಂದಿತು.

ಹನ್ನೊಂದನೆಯ ದಿನ ಮಧ್ಯಾಹ್ನ ಮಗುವಿನ ಮೈ ಕಾದಿತು. ಬೆಳಿಗ್ಗೆಯಿಂದ ಮಂಕಾಗಿದ್ದುದನ್ನು ನಾನು ಸಾಧುತನವೆಂದು ತಿಳಿದು ಸಂತೋಷಪಟ್ಟಿದ್ದೆನು! ಮೈ ಮುಟ್ಟಿದಾಗ ಎದೆ ಧಸಕ್ಕೆಂದಿತು. ಹುಡುಗಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಆಟೋ ಹಿಡಿದು ವೈದ್ಯರಲ್ಲಿಗೆ ಓಡಿದೆನು. ವೈದ್ಯರು ಸಮಾಧಾನದಿಂದ ಮೂರು ಪ್ರಶ್ನೆಗಳನ್ನು ಕೇಳಿದರು. ಮಗು ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರ ಮಾಡಿದೆ? ಹೋದ ಸಲ ತೂಗಿದಾಗ ತೂಕವೆಷ್ಟಿತ್ತು? ಹದಿನಾರನೆಯ ತಿಂಗಳ ಮೇಲೆ ಹಾಕಿಸಬೇಕಾದ ಚುಚ್ಚುಮದ್ದುಗಳು ಆಗಿವೆಯೆ?

ಮೂರಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಆ ಮಗು ಹುಟ್ಟಿದಂದಿನಿಂದ ನಾನು ಅದೇ ಮನೆಯಲ್ಲಿದ್ದೇನೆ. ಬೆಂಗಳೂರಿಗೆ ಫೋನು ಮಾಡಿದೆನು. ಮಗ ಗಾಬರಿಯಾದನು, ಪ್ರೀತಿಗೇನೂ ಕೊರತೆಯಿಲ್ಲದವನು. ಪ್ರಶ್ನೆಗಳನ್ನು ಕೇಳಿ ಒಂದು ಕ್ಷಣ ಸುಮ್ಮನಿದ್ದು, “ಅವಳನ್ನ ಕೇಳಿ ಅಪ್ಪ” ಎಂದನು. ಅಷ್ಟರಲ್ಲಿ ಸೊಸೆ ಮದ್ದೂರಿನಲ್ಲಿ ರಜೆ ಹೇಳಿ ಬಸ್ಸು ಹತ್ತಿಯಾಗಿತ್ತು. ಬಸ್ಸಿನ ಸದ್ದಿನ ನಡುವೆ ಅವಳು ತಡವರಿಸದೆ ಹೇಳಿದಳು: ಹೋದ ತಿಂಗಳು ತೂಕ ಒಂಬತ್ತು ಕಿಲೋ ಎಂಟುನೂರು ಗ್ರಾಂ, ಚುಚ್ಚುಮದ್ದು ಹಾಕಿಸಿದ ತಾರೀಖು ಇಂಥದು, ತಾಯಿ ಕಾರ್ಡು ಬೀರುವಿನ ಎರಡನೆಯ ಅರೆಯಲ್ಲಿ ನೀಲಿ ಚೀಲದಲ್ಲಿದೆ, ಹೋದ ಸಲ ಜ್ವರ ಬಂದಾಗ ಕೊಟ್ಟ ಔಷಧಿ ಇದು, ಕೊಟ್ಟ ಅಳತೆ ಇಷ್ಟು, ಬೆಳಿಗ್ಗೆ ತಾನು ಹೊರಡುವ ಮುಂಚೆ ಒಂದು ಸಲ ಮೂತ್ರ ಮಾಡಿದ್ದಾನೆ, ಆಮೇಲಿನದು ಮಾವನವರಿಗೆ ಗೊತ್ತಿರಬೇಕು.

ಮಾವನವರಿಗೆ ಗೊತ್ತಿರಲಿಲ್ಲ.

ಜ್ವರದ ಔಷಧಿಯನ್ನು ಮಗುವಿನ ತೂಕ ನೋಡಿ ಅಳೆದು ಕೊಡಬೇಕಂತೆ. ವೈದ್ಯರು ಮಗುವನ್ನು ಮತ್ತೆ ತೂಗಿ, ಔಷಧಿ ಬರೆದು, ಹೆದರುವಂಥದೇನೂ ಇಲ್ಲವೆಂದರು. ಎರಡು ದಿನಗಳಲ್ಲಿ ಜ್ವರ ಇಳಿಯಿತು. ಆದರೆ ಆ ಮಧ್ಯಾಹ್ನ ನನ್ನೊಳಗೆ ಎದ್ದ ಪ್ರಶ್ನೆ ಇಳಿಯಲಿಲ್ಲ. ಗಂಡಸರಿಗೆ ಹೊತ್ತಿಲ್ಲ, ದುಡಿಯಲು ಹೊರಗೆ ಹೋಗುವವರು, ಮಕ್ಕಳ ವಿವರ ಅವರಿಗೆ ಹೇಗೆ ತಿಳಿದೀತು ಎಂದು ನಾವು ಹೇಳುತ್ತ ಬಂದಿದ್ದೇವೆ. ನನ್ನ ಸೊಸೆಯೂ ಹೊರಗೆ ಹೋಗುವವಳೇ. ಇಡೀ ದಿನ ಮನೆಯಲ್ಲಿದ್ದ ನನಗೆ ಗೊತ್ತಿಲ್ಲದ್ದು ಇಡೀ ದಿನ ಮನೆಯಲ್ಲಿಲ್ಲದ ಅವಳಿಗೆ ಗೊತ್ತಿದ್ದಿತು. ಹಾಗಾದರೆ ಇದು ಹೊತ್ತಿನ ಪ್ರಶ್ನೆ ಮಾತ್ರವಲ್ಲ. ಇದು ಯಾರ ಹೊಣೆಯೆಂದು ನಾವು ಮನಸ್ಸಿನಲ್ಲಿ ಬರೆದಿಟ್ಟುಕೊಂಡಿದ್ದೇವೆ ಎಂಬುದರ ಪ್ರಶ್ನೆ.

ಅಂದಿನ ರಾತ್ರಿ ಮಗುವಿನ ಹಣೆಯ ಮೇಲೆ ಒದ್ದೆಬಟ್ಟೆ ಹಾಕುತ್ತ ಸೊಸೆ ಕೇಳಿದಳು: “ಮಾವ, ನಾನು ಕೆಲಸ ಬಿಟ್ಟುಬಿಡ್ಲಾ?” ಅವಳ ಕಣ್ಣಿನಲ್ಲಿ ನೀರಿತ್ತು. ಅದೇ ಕೋಣೆಯಲ್ಲಿ ನನ್ನ ಮಗನೂ ನಿಂತಿದ್ದನು. ಅವನ ಕೈಯಲ್ಲಿ ರೈಲಿನಲ್ಲಿ ಕೊಂಡ ಮದ್ದೂರು ವಡೆಯ ಪೊಟ್ಟಣವಿತ್ತು. ಅವನು ಮಕ್ಕಳಿಗೆಂದು ಅದನ್ನು ಆಗಾಗ ತರುತ್ತಾನೆ. ಬರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಗರಿಗರಿಯಾದ ವಡೆ ಬೆಳಗಿನ ಹೊತ್ತಿಗೆ ಮೆತ್ತಗಾಗುತ್ತದೆ. ಅಪ್ಪನ ಪ್ರೀತಿಯೆಂದರೆ ಮೆತ್ತಗಾದ ವಡೆಯೆಂದೇ ಆ ಮಕ್ಕಳು ತಿಳಿದಿದ್ದರೆ ತಪ್ಪೇನು? ‘ನಾನು ಕೆಲಸ ಬಿಡಲೆ’ ಎಂಬ ಪ್ರಶ್ನೆ ಅವನ ಬಾಯಿಗೆ ಬರಲಿಲ್ಲ. ಬರಬೇಕೆಂದು ನನಗೂ ಆ ರಾತ್ರಿ ತೋಚಲಿಲ್ಲ. ನಾವಿಬ್ಬರೂ ಅವಳ ಉತ್ತರಕ್ಕಾಗಿ ಕಾದು ನಿಂತೆವು.

ಇಲ್ಲಿ ನನ್ನದೊಂದು ಹಳೆಯ ತಪ್ಪನ್ನು ಒಪ್ಪಿಕೊಳ್ಳಬೇಕು. ನಮ್ಮ ಹಳ್ಳಿ ಮಳವಳ್ಳಿ ತಾಲ್ಲೂಕಿನದು. ನನ್ನ ಯೌವನದ ಕಾಲಕ್ಕೆ ಅಲ್ಲಿ ಹಿರಿಯರ ಎದುರಿಗೆ ತಂದೆಯಾದವನು ತನ್ನ ಮಗುವನ್ನು ತಾನು ಎತ್ತಿಕೊಳ್ಳುವುದು ನಾಚಿಕೆಗೇಡೆಂಬ ರೂಢಿ ಇನ್ನೂ ಉಳಿದಿದ್ದಿತು. ಅಣ್ಣನ ಮಗುವನ್ನು ಎತ್ತಬಹುದು, ತನ್ನದನ್ನು ಎತ್ತಬಾರದು. ಒಂದು ದಿನ ನನ್ನ ತಂದೆಯವರು ಜಗಲಿಯ ಮೇಲೆ ನಾಲ್ಕು ಮಂದಿಯೊಡನೆ ಕುಳಿತಿದ್ದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆನು. ಆಗ ವರ್ಷವೂ ತುಂಬದ ನನ್ನ ಮಗ ಅಂಬೆಗಾಲಿಡುತ್ತ ಜಗಲಿಯ ಅಂಚಿಗೆ ಬಂದನು. ನನಗೆ ಎರಡು ಹೆಜ್ಜೆಯ ದೂರ. ನಾನು ಕೈ ಚಾಚಲಿಲ್ಲ. ಒಳಗಿದ್ದ ಹೆಂಡತಿಗೆ ಕೇಳುವಂತೆ, “ಏ, ಮಗೂನ ನೋಡು” ಎಂದು ಕೂಗಿದೆನು. ಅವಳು ಹಿಟ್ಟಿನ ಕೈಯಲ್ಲಿ ಓಡಿಬರುವಷ್ಟರಲ್ಲಿ ಮಗು ಕೆಳಗೆ ಬಿದ್ದಿತ್ತು. ನನ್ನ ಮಗನ ಎಡ ಹುಬ್ಬಿನ ಮೇಲೆ ಇಂದಿಗೂ ಒಂದು ಗುರುತಿದೆ. ಅದು ಹೇಗಾಯಿತೆಂದು ಅವನು ಕೇಳಿದಾಗಲೆಲ್ಲ ‘ಚಿಕ್ಕವನಿದ್ದಾಗ ಬಿದ್ದೆ’ ಎಂದಷ್ಟೇ ಹೇಳಿದ್ದೇನೆ. ಅವನು ಬಿದ್ದದ್ದು ಜಗಲಿಯಿಂದ ಮಾತ್ರವಲ್ಲ, ಎರಡು ಹೆಜ್ಜೆಯಾಚೆ ಕಟ್ಟಿಕೊಂಡು ನಿಂತಿದ್ದ ಎರಡು ಕೈಗಳ ಮುಂದೆ ಎಂಬುದನ್ನು ಹೇಳಿರಲಿಲ್ಲ.

ಈ ಕಾರಣದಿಂದಲೇ, ಕೂಡು ಕುಟುಂಬ ಒಡೆದುದರಿಂದ ಮಕ್ಕಳು ಅನಾಥರಾದರು ಎಂದು ಸಭೆಗಳಲ್ಲಿ ಕೇಳಿಬರುವ ಪ್ರಲಾಪಕ್ಕೆ ನಾನು ದನಿಗೂಡಿಸಲಾರೆ. ಹಳೆಯ ಮನೆಯಲ್ಲಿ ಮಗುವನ್ನು ಎತ್ತಿಕೊಳ್ಳಲು ಹತ್ತು ಕೈಗಳಿದ್ದವು, ನಿಜ. ಆ ಕೈಗಳು ಯಾರವು? ಅಜ್ಜಿಯದು, ಅತ್ತಿಗೆಯದು, ನಾದಿನಿಯದು. ಅವು ಸಾಲದಿದ್ದಾಗ ಹಿರಿಯ ಮಗಳದು. ಸುಗ್ಗಿಯ ಕಾಲದಲ್ಲಿ ಹಾಜರಿ ಪುಸ್ತಕ ತೆರೆದರೆ ಹೆಣ್ಣುಮಕ್ಕಳ ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಸಾಲುಗಟ್ಟುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಾಯಿ ಗದ್ದೆಗೆ ಹೋದಳೆಂದು ಎಂಟನೆಯ ತರಗತಿಯ ಹುಡುಗಿ ಸೊಂಟದ ಮೇಲೆ ತಮ್ಮನನ್ನು ಹೊತ್ತು ಮನೆಯಲ್ಲಿ ನಿಲ್ಲುತ್ತಿದ್ದಳು. ಅದೇ ಮನೆಯ ಹುಡುಗ ಶಾಲೆಗೆ ಬರುತ್ತಿದ್ದನು. ಅವನಿಗೆ ನಾನು ಕಲಿಸಿದ ಬೀಜಗಣಿತದ ಬೆಲೆಯನ್ನು ಅವನ ಅಕ್ಕ ತೆತ್ತಳೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಕೈಗಳು ಹತ್ತಿದ್ದರೂ ತಾಯಿಯ ಮನಸ್ಸು ಒಂಟಿಯಾಗಬಹುದೆಂಬುದನ್ನು ನಮ್ಮ ಮೈಸೂರು ಸೀಮೆಯ ಲೇಖಕಿ ತ್ರಿವೇಣಿಯವರು ‘ಶರಪಂಜರ’ ಕಾದಂಬರಿಯಲ್ಲಿ ಎಂದೋ ತೋರಿಸಿದರು. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಸಿಕ್ಕಿದ ಗೃಹಿಣಿಯೊಬ್ಬಳು ಆಸ್ಪತ್ರೆಯಲ್ಲಿ ಗುಣಹೊಂದಿ ಹಿಂತಿರುಗುತ್ತಾಳೆ. ಆದರೆ ಗುಣವಾದವಳನ್ನು ಗುಣವಾದವಳೆಂದು ನಂಬಲು ಮನೆಯವರು ಸಿದ್ಧರಿಲ್ಲ. ೧೯೭೧ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿ ತೆರೆಗೆ ತಂದಾಗ ಊರೂರಿನ ಜನ ಕಣ್ಣೀರಿಟ್ಟರು. ತ್ರಿವೇಣಿಯವರು ಸ್ವತಃ ೧೯೬೩ರಲ್ಲಿ, ಮಗಳನ್ನು ಹೆತ್ತ ಕೆಲವೇ ದಿನಗಳಲ್ಲಿ, ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ಕಣ್ಣೀರಿಟ್ಟ ನಾವು ಮನೆಗೆ ಬಂದು ಬಾಣಂತಿಯ ಕೋಣೆಯ ಬಾಗಿಲಲ್ಲಿ ನಿಂತು, ‘ಇನ್ನೇನು ಬೇಕು ನಿನಗೆ, ಮನೆ ತುಂಬ ಜನ ಇದ್ದಾರಲ್ಲ’ ಎಂದೆವು. ಮನೆ ತುಂಬ ಜನರಿದ್ದರೇನು, ರಾತ್ರಿ ಎರಡು ಗಂಟೆಗೆ ಮಗು ಅತ್ತಾಗ ಎಚ್ಚರಾಗಬೇಕಾದವರು ಒಬ್ಬರೇ ಆಗಿದ್ದರೆ?

ಸರ್ಕಾರ ಏನೂ ಮಾಡಿಲ್ಲವೆಂದು ಹೇಳುವುದು ಅನ್ಯಾಯ. ೧೯೭೫ರ ಅಕ್ಟೋಬರ್ ೨ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಅದರ ಮೊದಲ ಅಂಗನವಾಡಿಗಳು ತೆರೆದದ್ದು ಮಳವಳ್ಳಿಗೆ ನೆರೆಯ ತಾಲ್ಲೂಕಾದ ತಿರುಮಕೂಡಲು ನರಸೀಪುರದಲ್ಲಿ. ಆಮೇಲೆ ಅವು ಹಳ್ಳಿಹಳ್ಳಿಗೂ ಬಂದವು. ೨೦೧೭ರ ಕಾನೂನಿನ ತಿದ್ದುಪಡಿಯಿಂದ ದುಡಿಯುವ ತಾಯಿಯ ಹೆರಿಗೆ ರಜೆ ೧೨ ವಾರದಿಂದ ೨೬ ವಾರಕ್ಕೆ ಏರಿತು. ೫೦ ಮಂದಿಗೆ ಕಡಮೆಯಿಲ್ಲದೆ ದುಡಿಯುವಲ್ಲಿ ಶಿಶುಪಾಲನೆಯ ಕೋಣೆಯಿರಬೇಕೆಂದೂ ವಿಧಿಸಲಾಯಿತು. ೨೦೨೩ರ ಜೂನ್ ೧೧ರಿಂದ ‘ಶಕ್ತಿ’ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ನನ್ನ ಹೆಂಡತಿ ಮಳವಳ್ಳಿಗೆ ಹೋದದ್ದೂ ಹಾಗೆಯೇ. ಅದೇ ವರ್ಷ ಹಳ್ಳಿಯ ಕೂಲಿಕಾರ ತಾಯಂದಿರ ಎಳೆಯ ಮಕ್ಕಳಿಗಾಗಿ ೪,೦೦೦ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯುವ ಯೋಜನೆಯೂ ಪ್ರಕಟವಾಯಿತು. ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕಬ್ಬಿನ ಗದ್ದೆಗೆ ಇಳಿದ ತಾಯಂದಿರನ್ನು ಕಂಡವರಿಗೆ ಇದರ ಬೆಲೆ ತಿಳಿಯುತ್ತದೆ.

ಆದರೆ ಗಮನಿಸಿ: ಇವೆಲ್ಲವೂ ತಾಯಿಯನ್ನೇ ಕುರಿತು ಮಾತನಾಡುತ್ತವೆ. ಬೀರುವಿನಲ್ಲಿರುವುದು ತಾಯಿ ಕಾರ್ಡು, ತಂದೆ ಕಾರ್ಡೆಂಬುದೊಂದಿಲ್ಲ. ಕೇಂದ್ರ ಸರ್ಕಾರದ ನೌಕರನಾದ ತಂದೆಗೆ ೧೫ ದಿನಗಳ ರಜೆ ದೊರೆಯುತ್ತದೆ. ಖಾಸಗಿ ನೌಕರಿಯವನಿಗೆ ಮಾಲೀಕರ ಔದಾರ್ಯವಿದ್ದಷ್ಟು. ಸ್ವೀಡನ್ ದೇಶ ೧೯೭೪ರಲ್ಲಿಯೇ ಹೆರಿಗೆ ರಜೆಯನ್ನು ತಂದೆತಾಯಿಗಳಿಬ್ಬರೂ ಹಂಚಿಕೊಳ್ಳಬಹುದಾದ ರಜೆಯನ್ನಾಗಿ ಮಾಡಿತು. ಹಂಚಿಕೊಳ್ಳಬಹುದೆಂದರೂ ಗಂಡಸರು ಹೆಚ್ಚಾಗಿ ಮುಂದೆ ಬರದಿದ್ದುದನ್ನು ಕಂಡು, ೧೯೯೫ರಲ್ಲಿ ಒಂದು ತಿಂಗಳನ್ನು ತಂದೆಗೆಂದೇ ಮೀಸಲಿಟ್ಟಿತು. ಅವನು ತೆಗೆದುಕೊಳ್ಳದಿದ್ದರೆ ಆ ತಿಂಗಳು ನಷ್ಟ. ಶ್ರೀಮಂತ ದೇಶದ ಗಂಡಸಿಗೂ ಮಗುವನ್ನು ಎತ್ತಿಕೊಳ್ಳಲು ಕಾನೂನಿನ ಒತ್ತಾಯ ಬೇಕಾಯಿತೆಂಬುದು ನಮಗೆ ಸಮಾಧಾನ ಕೊಡುವುದಾದರೆ ಕೊಡಲಿ.

ಲೆಕ್ಕದ ಮೇಷ್ಟ್ರಾದುದರಿಂದ ಒಂದೆರಡು ಅಂಕಿಗಳನ್ನು ಹೇಳದೆ ಇರಲಾರೆ. ೨೦೧೯ರಲ್ಲಿ ಕೇಂದ್ರ ಸರ್ಕಾರ ದೇಶದ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬುದರ ಸಮೀಕ್ಷೆ ನಡೆಸಿತು. ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ ೨೯೯ ನಿಮಿಷ ದುಡಿದರೆ ಗಂಡಸರು ೯೭ ನಿಮಿಷ. ಮನೆಯವರ ಆರೈಕೆಯಲ್ಲಿ ಹೆಂಗಸರು ೧೩೪ ನಿಮಿಷ, ಗಂಡಸರು ೭೬ ನಿಮಿಷ. ಎಪ್ಪತ್ತಾರು ನಿಮಿಷವೇನೂ ಕಡಮೆಯಲ್ಲವೆಂದು ನಮ್ಮವರು ಬೀಗಬಾರದು. ಇದು ಆ ಕೆಲಸಕ್ಕೆ ಕೈಹಾಕಿದವರ ಸರಾಸರಿ. ಕೈಯನ್ನೇ ಹಾಕದ ಗಂಡಸರು ಈ ಭಾಗಾಕಾರದೊಳಗೆ ಬಂದೇ ಇಲ್ಲ. ಬಂದಿದ್ದರೆ ಭಾಗಲಬ್ಧ ಎಷ್ಟಕ್ಕೆ ಇಳಿಯುತ್ತಿತ್ತೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ.

ಇದಕ್ಕೆ ಒಂದು ಆಕ್ಷೇಪವುಂಟು, ಅದು ಹಗುರವಾದುದಲ್ಲ. ಬೆಳಗಿನ ರೈಲಿಗೆ ಹೋಗಿ ರಾತ್ರಿ ದಣಿದು ಬರುವವನಿಂದ ಇನ್ನೇನನ್ನು ಕೇಳುತ್ತೀರಿ? ಮಂಡ್ಯ, ಮದ್ದೂರಿನ ನಿಲ್ದಾಣಗಳಲ್ಲಿ ದಿನವೂ ನಿಂತು ಹೋಗುವ ಆ ಜನರ ದಣಿವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಮ್ಮ ನಾಲೆಯ ಉದಾಹರಣೆ ಕೊಡುತ್ತೇನೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಮೊದಲು ತುಂಬುವುದು ಮೇಲ್ಭಾಗದ ಗದ್ದೆಗಳು. ಮದ್ದೂರು, ಮಳವಳ್ಳಿ ಕಡೆಯ ಕೊನೆಯ ಭಾಗದ ರೈತ ಕಾಯಬೇಕು. ಎಷ್ಟೋ ಸಲ ಅವನವರೆಗೆ ನೀರು ಬರುವುದೇ ಇಲ್ಲ. ಅಣೆಕಟ್ಟಿನಲ್ಲಿ ನೀರಿಲ್ಲವೆಂದಲ್ಲ, ದಾರಿಯಲ್ಲಿಯೇ ಮುಗಿದುಹೋಗುತ್ತದೆ. ನಮ್ಮ ಹೊತ್ತೂ ಹೀಗೆಯೇ. ಕಚೇರಿಗೆ ಮೊದಲ ತೂಬು, ದಾರಿಗೆ ಎರಡನೆಯದು, ಗೆಳೆಯರಿಗೆ ಮೂರನೆಯದು, ಅಂಗೈಯಲ್ಲಿ ಬೆಳಗುವ ಫೋನಿಗೆ ನಾಲ್ಕನೆಯದು. ನಾಲೆಯ ಕೊನೆಯ ಗದ್ದೆಯಲ್ಲಿ ಮಗು ಕಾದು ಕುಳಿತಿರುತ್ತದೆ. ಭಾನುವಾರ ಒಂದು ದಿನ ತೂಬು ಪೂರ್ತಿ ಎತ್ತಿ ನೀರು ಹಾಯಿಸಿದರೆ ಪೈರು ಉಳಿಯುವುದಿಲ್ಲವೆಂಬುದನ್ನು ಮಂಡ್ಯದವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ಅದು ದಿನವೂ ಬರಬೇಕು.

ಇನ್ನೊಂದು ಮಾತು. ಒಳ್ಳೆಯ ಗಂಡಸರು ಕೂಡ ‘ನಾನು ಹೆಂಡತಿಗೆ ಸಹಾಯ ಮಾಡುತ್ತೇನೆ’ ಎನ್ನುತ್ತಾರೆ. ಈ ‘ಸಹಾಯ’ ಎಂಬ ಶಬ್ದದಲ್ಲಿಯೇ ದೋಷವಿದೆ. ನಮ್ಮ ಹೊಲವನ್ನು ನಾವು ಉಳುವುದಕ್ಕೆ ಸಹಾಯವೆನ್ನುತ್ತೇವೆಯೆ? ಸಹಾಯ ಮಾಡುವವನು ಕೇಳಿದಾಗ ಬರುತ್ತಾನೆ, ಬೇಸರವಾದಾಗ ಹೋಗುತ್ತಾನೆ; ಹೊಣೆಯುಳ್ಳವನು ಮಗುವಿನ ತೂಕವನ್ನು ತಿಳಿದಿರುತ್ತಾನೆ. ಅಜ್ಜಿಯ ವಿಷಯದಲ್ಲಿಯೂ ನಮ್ಮ ಎಣಿಕೆ ತಪ್ಪು. ಅಜ್ಜಿಯೆಂದರೆ ಮನೆಗೆ ಬಂದ ಪುಕ್ಕಟೆ ಜಲಾಶಯವೆಂದು ತಿಳಿದಿದ್ದೇವೆ. ಮಂಡಿನೋವಿನ ಅರವತ್ತಮೂರರ ಹೆಂಗಸು ಮಂಡ್ಯದಲ್ಲಿ ಎರಡು ಮಕ್ಕಳನ್ನು ಬಿಟ್ಟು ಮಳವಳ್ಳಿಯಲ್ಲಿ ಬಾಣಂತಿಗೆ ನೀರೆರೆಯಲು ಹೋದದ್ದನ್ನು ನಾವು ಯಾರೂ ಕೆಲಸವೆಂದು ಕರೆಯಲಿಲ್ಲ; ‘ಊರಿಗೆ ಹೋಗಿದ್ದಾರೆ’ ಎಂದೆವು, ವಿಶ್ರಾಂತಿಗೆ ಹೋದವರ ಹಾಗೆ.

ಜ್ವರ ಇಳಿದ ಮೂರನೆಯ ದಿನ ಸೊಸೆಯನ್ನು ಕರೆದು ಹೇಳಿದೆನು: “ಕೆಲಸ ಬಿಡಬೇಡಮ್ಮ. ಆ ಕಾರ್ಡು ಎಲ್ಲಿದೆ ಅಂತ ನನಗೂ ಅವನಿಗೂ ಗೊತ್ತಿರಲಿ. ಅಷ್ಟಾದರೆ ಅರ್ಧ ಆದ ಹಾಗೆ.” ಮಗನನ್ನು ಕರೆದು ಅವನ ಹುಬ್ಬಿನ ಗುರುತಿನ ಕಥೆಯನ್ನು ಪೂರ್ತಿಯಾಗಿ ಹೇಳಿದೆನು. ಅವನು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಹುಬ್ಬನ್ನು ಸವರಿಕೊಳ್ಳುತ್ತ ಕುಳಿತಿದ್ದು, ಎದ್ದುಹೋಗಿ ಬೀರುವಿನ ಎರಡನೆಯ ಅರೆಯಿಂದ ನೀಲಿ ಚೀಲವನ್ನು ತೆಗೆದು ಓದತೊಡಗಿದನು.

ಇದರಿಂದ ನಮ್ಮ ಮನೆ ಸ್ವರ್ಗವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ರೈಲು ಈಗಲೂ ತಡವಾಗಿಯೇ ಬರುತ್ತದೆ, ಹಾಲು ಈಗಲೂ ಉಕ್ಕುತ್ತದೆ. ಗಂಡಹೆಂಡಿರ ನಡುವೆ ಯಾರ ಸರದಿಯೆಂಬ ವಾದ ವಾರಕ್ಕೆ ಎರಡು ಸಲವಾದರೂ ನಡೆಯುತ್ತದೆ. ಮುಂಚೆ ಈ ವಾದವಿರಲಿಲ್ಲ. ಸರದಿಯೇ ಇಲ್ಲದ ಕಡೆ ವಾದವೆಲ್ಲಿಯದು? ಆದ್ದರಿಂದ ಅದನ್ನು ಕೇಳಿದಾಗ ನನಗೆ ಬೇಸರವಾಗುವುದಿಲ್ಲ. ಇಪ್ಪತ್ತೆರಡನೆಯ ದಿನ ನನ್ನ ಹೆಂಡತಿ ಮಳವಳ್ಳಿಯಿಂದ ಹಿಂತಿರುಗಿದಳು. ಮಗು ಅವಳನ್ನು ಕಂಡು ನಕ್ಕಿತು, ಕೈ ಚಾಚಿತು, ಆದರೆ ಒಂದು ಕೈಯಿಂದ ನನ್ನ ಅಂಗಿಯನ್ನು ಹಿಡಿದುಕೊಂಡೇ ಇದ್ದಿತು. “ಪರವಾಗಿಲ್ಲ, ಕಲ್ತಿದೀರ” ಎಂದಳು ಅವಳು. ಮೂವತ್ತನಾಲ್ಕು ವರ್ಷಗಳಲ್ಲಿ ಯಾವ ತನಿಖಾಧಿಕಾರಿಯ ಶಿಫಾರಸೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಅದರ ಮುಂದಿನ ಭಾನುವಾರ ಬೆಳಿಗ್ಗೆ ಬಚ್ಚಲುಮನೆಯಿಂದ ಮಗನ ದನಿ ಕೇಳಿಸಿತು. ಪಂಚೆ ಎತ್ತಿ ಕಟ್ಟಿ, ಮಣೆಯ ಮ���ಲೆ ಮಗುವನ್ನು ಕೂರಿಸಿ, ಬಕೆಟ್ಟಿನ ಮುಂದೆ ಅನುಮಾನಿಸುತ್ತ ಕುಳಿತಿದ್ದನು. “ಅಪ್ಪ, ನೀರು ಇಷ್ಟು ಬಿಸಿ ಸಾಕಾ?” ಎಂದನು. ಅವನಿಗೆ ಅವನ ಎಳೆತನದಲ್ಲಿ ಒಂದು ದಿನವೂ ನೀರೆರೆಯದ ನಾನು ಹೋಗಿ ಮೊಣಕೈಯನ್ನು ನೀರಿನಲ್ಲಿ ಅದ್ದಿ ನೋಡಿ, “ಇನ್ನೊಂದು ಚೊಂಬು ತಣ್ಣೀರು ಬೆರೆಸು” ಎಂದೆನು.